ಹುಡುಗರೂ ಅವರ ಒಡನಾಡಿಗಳೂ

ಪ್ರತಿ ವರ್ಷವೂ ಪರೀಕ್ಷೆಗಳ ಫಲಿತಾಂಶವು ಹೊರಬಿದ್ದ ವಾರದಲ್ಲಿ ನಮ್ಮ ಕಾರ್ಯಾಲಯಕ್ಕೆ ಬರುವ ಪತ್ರಗಳ ನಡುವೆ ಒಂದು ಬಗೆಯ ಪತ್ರವು ತಪ್ಪದೆ ಇರುತ್ತದೆ. ಬರೆಯುವವರು ಬಹುಮಟ್ಟಿಗೆ ಗೃಹಸ್ಥರು; ಸರಕಾರಿ ನೌಕರಿಯಲ್ಲಿರುವವರು, ವಕೀಲರು, ವರ್ತಕರು. ಹಸ್ತಾಕ್ಷರವು ಬೇರೆ, ಊರು ಬೇರೆ. ದೂರು ಮಾತ್ರ ಒಂದೇ. "ನಮ್ಮ ಹುಡುಗನು ಮೂಲತಃ ಒಳ್ಳೆಯವನು, ಬುದ್ಧಿವಂತನು, ಗೆಳೆಯರ ದೆಸೆಯಿಂದ ಕೆಟ್ಟನು." ಆ ಗೆಳೆಯರ ತಂದೆಗಳೂ ನಮಗೆ ಬರೆಯುವುದುಂಟು, ಅವರ ದೂರೂ ಇದೇ ಆಗಿರುತ್ತದೆ! ಹೀಗೆ ಊರಿನ ಹುಡುಗರೆಲ್ಲರೂ ಒಳ್ಳೆಯವರೇ ಆಗಿದ್ದು, ಪ್ರತಿಯೊಬ್ಬನೂ ಉಳಿದವರಿಂದ ಕೆಟ್ಟನೆಂಬ ವಿಚಿತ್ರವಾದ ಲೆಕ್ಕವು ಏರ್ಪಡುತ್ತದೆ. ಈ ಲೆಕ್ಕದಲ್ಲಿ ಎಲ್ಲಿಯೋ ದೋಷವಿರಬೇಕೆಂಬುದನ್ನು ವಾಚಕರು ಒಪ್ಪುವರೆಂದು ನಂಬಿದ್ದೇವೆ.

ಸಹವಾಸದಿಂದ ಸನ್ಯಾಸಿ ಕೆಟ್ಟನೆಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಆದರೆ ಆ ಗಾದೆಯು ಸನ್ಯಾಸಿಯನ್ನು ಕುರಿತದ್ದು. ಲೋಕದ ಹಂಗನ್ನು ತೊರೆದು ಒಬ್ಬನೇ ಇರಬೇಕೆಂದು ಸಂಕಲ್ಪಿಸಿದವನನ್ನು ಕುರಿತದ್ದು. ಹದಿನಾಲ್ಕು ವರ್ಷದ ಬಾಲಕನು ಸನ್ಯಾಸಿಯಲ್ಲ. ಅವನು ಲೋಕವನ್ನು ಬಿಡಲು ಹೊರಟವನಲ್ಲ, ಅದನ್ನು ಈಗತಾನೆ ಪ್ರವೇಶಿಸುತ್ತಿರುವವನು. ಪ್ರವೇಶಿಸುವಾಗ ಜತೆಗಾರರಿಲ್ಲದೆ ಪ್ರವೇಶಿಸಲಾರನು. ಈ ಸಾಮಾನ್ಯ ಸಂಗತಿಯನ್ನು ಮರೆತು ಹುಡುಗನ ಒಡನಾಟವನ್ನೇ ಒಂದು ರೋಗವೆಂಬಂತೆ ಕಾಣುವ ಅಭ್ಯಾಸವು ನಮ್ಮ ಪಟ್ಟಣವಾಸಿಗಳಲ್ಲಿ ಬೆಳೆಯುತ್ತಿದೆ. ಆಟದ ಬಯಲಿನಿಂದ ಬಿಡಿಸಿ ಮನೆಪಾಠಕ್ಕೆ ಕಳುಹಿಸುವುದು, ಅಲ್ಲಿಂದ ಇನ್ನೊಂದು ಮನೆಪಾಠಕ್ಕೆ ಅಟ್ಟುವುದು, ಉಳಿದ ಹೊತ್ತಿನಲ್ಲಿ ಕೊಠಡಿಯಲ್ಲಿ ಕೂಡಿಹಾಕುವುದು, ಇದನ್ನೇ ಪಾಲನೆಯೆಂದು ತಿಳಿದವರು ಕಡಿಮೆಯಲ್ಲ.

ನಮ್ಮ ಪ್ರಾಚೀನರ ಅಭಿಪ್ರಾಯವು ಬೇರೆಯಾಗಿದ್ದಿತು. ವಿದ್ಯಾರ್ಥಿಯು ತನ್ನ ವಿದ್ಯೆಯ ಕಾಲುಭಾಗವನ್ನು ಆಚಾರ್ಯನಿಂದಲೂ, ಕಾಲುಭಾಗವನ್ನು ಸ್ವಬುದ್ಧಿಯಿಂದಲೂ, ಕಾಲುಭಾಗವನ್ನು ಸಹಪಾಠಿಗಳಿಂದಲೂ, ಉಳಿದುದನ್ನು ಕಾಲಕ್ರಮದಿಂದಲೂ ಪಡೆಯುವನೆಂದು ಅವರು ವಿಭಾಗಮಾಡಿದ್ದರು. ಈ ಲೆಕ್ಕದಲ್ಲಿ ಗುರುವಿಗೂ ಗೆಳೆಯನಿಗೂ ಸಮಪಾಲು. ತಂದೆತಾಯಿಗಳಿಗೆ ಪ್ರತ್ಯೇಕ ಪಾಲೇ ಇಲ್ಲವೆಂಬುದನ್ನು ಗಮನಿಸತಕ್ಕದ್ದು! ನಾವು ಓದಿದ ಪಾಠಶಾಲೆಯಲ್ಲಿಯೂ ಹಿರಿಯ ವಿದ್ಯಾರ್ಥಿಯೇ ಕಿರಿಯನಿಗೆ ಸಂಥೆ ಹೇಳುತ್ತಿದ್ದನು. ಶಾಸ್ತ್ರಿಗಳು ಪಡಸಾಲೆಯಲ್ಲಿ ಕುಳಿತು ತಪ್ಪಿದಾಗ ಮಾತ್ರ ಕೆಮ್ಮುತ್ತಿದ್ದರು. ಈ ಪದ್ಧತಿಯ ಕೀರ್ತಿಯು ಸಮುದ್ರವನ್ನೂ ದಾಟಿತ್ತು. 1789ರಲ್ಲಿ ಮದರಾಸಿನ ಸೈನಿಕ ಅನಾಥ ಬಾಲಕರ ಆಶ್ರಮಕ್ಕೆ ಅಧಿಕಾರಿಯಾಗಿ ಬಂದ ಆಂಡ್ರೂ ಬೆಲ್ ಎಂಬ ಪಾದ್ರಿಯು ದೇಶೀಯ ಶಾಲೆಯಲ್ಲಿ ಮಕ್ಕಳು ಮರಳಿನ ಮೇಲೆ ಅಕ್ಷರ ತಿದ್ದುವುದನ್ನು ಕಂಡು, ಹುಡುಗರಿಗೆ ಹುಡುಗರಿಂದಲೇ ಪಾಠ ಹೇಳಿಸುವ ಕ್ರಮವನ್ನು ತನ್ನ ಆಶ್ರಮದಲ್ಲಿ ಜಾರಿಗೆ ತಂದನು. 1797ರಲ್ಲಿ ಅದನ್ನು ಕುರಿತು ಲಂಡನ್ನಿನಲ್ಲಿ ಪುಸ್ತಕವನ್ನು ಪ್ರಕಟಿಸಿದನು. "ಮದರಾಸು ಪದ್ಧತಿ" ಎಂಬ ಹೆಸರಿನಿಂದಲೇ ಅದು ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳಲ್ಲಿ ಹರಡಿತು.

ಇದೆಲ್ಲವೂ ಹಳೆಯ ಮಾತಾಯಿತು. ಹದಿಹರೆಯದ ಮನಸ್ಸನ್ನು ಶಾಸ್ತ್ರರೀತ್ಯಾ ಪರೀಕ್ಷಿಸುವ ಕಾರ್ಯವು ಅಮೆರಿಕದ ಸ್ಟ್ಯಾನ್ಲಿ ಹಾಲ್ ಎಂಬ ವಿದ್ವಾಂಸನು 1904ರಲ್ಲಿ ಎರಡು ಸಂಪುಟಗಳ ಗ್ರಂಥವನ್ನು ಹೊರತಂದಂದಿನಿಂದ ಬಿರುಸಾಗಿ ನಡೆದಿದೆ. 1950ರಲ್ಲಿ ಎರಿಕ್ ಎರಿಕ್ಸನ್ ಎಂಬ ಮನೋವಿಜ್ಞಾನಿಯು ಈ ವಯಸ್ಸಿನ ಮುಖ್ಯ ಕಾರ್ಯವನ್ನು "ತಾನಾರು" ಎಂಬುದನ್ನು ನಿಶ್ಚಯಿಸಿಕೊಳ್ಳುವುದೆಂದು ನಿರೂಪಿಸಿದನು. ಅಲ್ಲಿಯವರೆಗೆ ಬಾಲಕನು ಇಂಥವರ ಮಗನು, ಇಂಥ ಮನೆಯವನು. ಇನ್ನು ಮುಂದೆ ಅವನು ತಾನೇ ಏನಾದರೂ ಆಗಬೇಕು. ಆದರೆ ಮನೆಯವರ ಕಣ್ಣಿಗೆ ಅವನು ಇನ್ನೂ ತೊಟ್ಟಿಲ ಕೂಸು. ಅಪರಿಚಿತರ ಕಣ್ಣಿಗೆ ಯಾರೂ ಅಲ್ಲ. ಹೊಸದಾಗಿ ಆಗುತ್ತಿರುವ ಅವನನ್ನು ಗುರುತಿಸುವವರು ಅವನಂತೆಯೇ ಆಗುತ್ತಿರುವ ನಾಲ್ವರು ಸಮವಯಸ್ಕರು ಮಾತ್ರ. ಅವರ ಮೆಚ್ಚುಗೆಯು ಅವನಿಗೆ ಅನ್ನದಷ್ಟೇ ಅಗತ್ಯವಾಗುವುದರಲ್ಲಿ ಆಶ್ಚರ್ಯವೇನು? ಎಲ್ಲರೂ ಒಂದೇ ಬಗೆಯ ಕ್ರಾಪು, ಒಂದೇ ಬಗೆಯ ಅಂಗಿ, ಹಿರಿಯರಿಗೆ ಅರ್ಥವಾಗದ ಒಂದೇ ಬಗೆಯ ಮಾತು, ಇವುಗಳನ್ನು ಕಂಡು ನಾವು ರೇಗುತ್ತೇವೆ. ತನ್ನ ಸ್ವರೂಪವು ಇನ್ನೂ ಗಟ್ಟಿಯಾಗದವನು ತಾತ್ಕಾಲಿಕವಾಗಿ ಗುಂಪಿನ ಸ್ವರೂಪವನ್ನು ಹೊದ್ದುಕೊಂಡಿರುವನೆಂದು ತಿಳಿದರೆ ಅರ್ಧ ಕೋಪವು ಇಳಿಯುವುದು. 2011ರ ಜನಗಣತಿಯ ಪ್ರಕಾರ ನಮ್ಮ ದೇಶದಲ್ಲಿ 10ರಿಂದ 19 ವರ್ಷದೊಳಗಿನವರ ಸಂಖ್ಯೆಯು ಸುಮಾರು 25 ಕೋಟಿಯಾಗಿದ್ದಿತು. ಅಂದರೆ ಐವರಲ್ಲಿ ಒಬ್ಬರು ಈ ಅವಸ್ಥೆಯಲ್ಲಿದ್ದರು. ಇದೇನೂ ಅಲಕ್ಷಿಸುವ ವಿಷಯವಲ್ಲ.

ಗುಂಪು ಹೇಗೆ ಹುಟ್ಟುತ್ತದೆ, ಹೇಗೆ ಕೆರಳುತ್ತದೆ, ಹೇಗೆ ಶಾಂತವಾಗುತ್ತದೆ ಎಂಬುದನ್ನು ತೋರಿಸುವ ಒಂದು ಪ್ರಯೋಗದ ವೃತ್ತಾಂತವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಹೇಳುವೆವು. ತುರ್ಕಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಮುಜಾಫರ್ ಷೆರೀಫ್ ಎಂಬ ವಿದ್ವಾಂಸರು 1954ರ ಬೇಸಗೆಯಲ್ಲಿ ಓಕ್ಲಹೋಮ ಪ್ರಾಂತದ ರಾಬರ್ಸ್ ಕೇವ್ ಎಂಬ ಕಾಡಿನ ಶಿಬಿರಕ್ಕೆ 22 ಮಂದಿ ಹುಡುಗರನ್ನು ಕರೆದೊಯ್ದರು. ಎಲ್ಲರೂ ಹನ್ನೊಂದು-ಹನ್ನೆರಡು ವರ್ಷದವರು, ಸಾಧಾರಣ ಸ್ಥಿತಿವಂತರ ಮಕ್ಕಳು, ಮೊದಲು ಒಬ್ಬರನ್ನೊಬ್ಬರು ಕಾಣದವರು, ಯಾವ ದುರ್ನಡತೆಯೂ ಇಲ್ಲದವರು. ಅವರನ್ನು ಹನ್ನೊಂದು ಹನ್ನೊಂದರ ಎರಡು ತಂಡಗಳಾಗಿ, ಒಂದಕ್ಕೆ ಇನ್ನೊಂದರ ಸುಳಿವು ಹತ್ತದಂತೆ, ಬೇರೆ ಬೇರೆ ಕಡೆ ಇಳಿಸಲಾಯಿತು. ಒಂದು ವಾರದೊಳಗೆ ಪ್ರತಿ ತಂಡಕ್ಕೂ ತನ್ನದೇ ಆದ ನಾಯಕನು, ಕಟ್ಟುಪಾಡುಗಳು, ಹಾಸ್ಯಗಳು ಏರ್ಪಟ್ಟವು. ಒಂದು ತಂಡದಲ್ಲಿ ಗಾಯವಾದರೂ ಅಳಬಾರದೆಂಬ ನಿಯಮವು ತಾನಾಗಿಯೇ ನೆಲೆಗೊಂಡಿತು. ಯಾರೂ ಅದನ್ನು ಬೋಧಿಸಿರಲಿಲ್ಲ. ಮನೆಯಲ್ಲಿ ತಂದೆಯು ವರ್ಷಗಟ್ಟಲೆ ಹೇಳಿದರೂ ಸಾಧಿಸಲಾಗದ ಸಹನೆಯನ್ನು ಹತ್ತು ಮಂದಿ ಗೆಳೆಯರ ನೋಟವು ಒಂದು ವಾರದಲ್ಲಿ ಸಾಧಿಸಿತು!

ಅನಂತರ ಎರಡು ತಂಡಗಳಿಗೂ ಪರಸ್ಪರ ಅಸ್ತಿತ್ವವು ತಿಳಿಯಿತು. ಒಂದು ತಂಡವು ಒಂದು ವಿಷಸರ್ಪದ ಹೆಸರನ್ನೂ, ಇನ್ನೊಂದು ಗರುಡನ ಹೆಸರನ್ನೂ ಇಟ್ಟುಕೊಂಡವು. ಸರ್ಪಗಳಿಗೂ ಗರುಡನಿಗೂ ಇರುವ ವೈರವನ್ನು ನಮ್ಮ ಪುರಾಣಗಳನ್ನು ಕೇಳಿದವರು ಬಲ್ಲರು. ಆ ಹುಡುಗರು ಬಲ್ಲವರಾಗಿರಲಾರರು. ಚೆಂಡಾಟ, ಹಗ್ಗಜಗ್ಗಾಟ, ಡೇರೆ ಹಾಕುವುದು ಮೊದಲಾದ ಪಂದ್ಯಗಳನ್ನು ಏರ್ಪಡಿಸಿ, ಗೆದ್ದ ತಂಡಕ್ಕೆ ಮಾತ್ರ ಪದಕಗಳನ್ನೂ ಚಾಕುಗಳನ್ನೂ ಕೊಡುವುದೆಂದು ಸಾರಲಾಯಿತು. ಅಷ್ಟೇ ಸಾಕಾಯಿತು. ಬೈಗುಳು ಆರಂಭವಾಯಿತು, ಧ್ವಜವನ್ನು ಸುಟ್ಟರು, ರಾತ್ರಿ ಎದುರಾಳಿಗಳ ಬಿಡಾರಕ್ಕೆ ನುಗ್ಗಿ ಹಾಸಿಗೆಗಳನ್ನು ಕೆಡವಿದರು. ಒಳ್ಳೆಯ ಮನೆತನದ ಈ ಮಕ್ಕಳನ್ನು ಆ ಹೊತ್ತಿನಲ್ಲಿ ಯಾರಾದರೂ ನೋಡಿದ್ದರೆ ಹುಟ್ಟು ಪುಂಡರೆಂದೇ ಭಾವಿಸುತ್ತಿದ್ದರು. ಇಬ್ಬರನ್ನೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರಿಸಿ, ಜತೆಗೆ ಚಲಚ್ಚಿತ್ರವನ್ನು ತೋರಿಸಿ ರಾಜಿಮಾಡಿಸುವ ಪ್ರಯತ್ನವು ಕೈಗೂಡಲಿಲ್ಲ. ಊಟದ ಮನೆಯಲ್ಲಿ ಆಹಾರವನ್ನೇ ಒಬ್ಬರ ಮೇಲೊಬ್ಬರು ಎರಚಾಡಿದರು. ಸಹಪಂಕ್ತಿ ಭೋಜನದಿಂದಲೇ ಸಕಲ ವೈಷಮ್ಯಗಳೂ ಅಳಿಯುವುವೆಂದು ನಂಬಿರುವ ನಮ್ಮ ಕೆಲವು ಸುಧಾರಕರು ಈ ಭಾಗವನ್ನು ಎರಡು ಸಲ ಓದಬೇಕೆಂದು ಬೇಡುವೆವು.

ಶಾಂತಿಯು ಬಂದುದು ಕೆಲಸದಿಂದ. ಶಿಬಿರಕ್ಕೆ ನೀರು ಬರುವುದು ನಿಂತಿತು. ತೊಟ್ಟಿಯವರೆಗೆ ಹೋಗಿ ದೋಷವನ್ನು ಹುಡುಕಲು ಎರಡು ತಂಡಗಳೂ ಬೇಕಾದವು. ಊಟ ತರಬೇಕಾದ ಲಾರಿಯು ಹೊರಡಲಿಲ್ಲ. ಹಗ್ಗಜಗ್ಗಾಟದ ಹಗ್ಗವನ್ನೇ ಕಟ್ಟಿ ಎಲ್ಲರೂ ಒಂದೇ ಕಡೆಗೆ ಎಳೆದರು. ಇಂತಹ ನಾಲ್ಕಾರು ಕಾರ್ಯಗಳಾಗುವಷ್ಟರಲ್ಲಿ ಹಗೆಯು ಕರಗಿತು. ಹಿಂದಿರುಗುವಾಗ ಒಂದೇ ಬಸ್ಸಿನಲ್ಲಿ ಹೋಗುವೆವೆಂದು ಹುಡುಗರೇ ಕೇಳಿಕೊಂಡರು. ಒಂದು ತಂಡವು ತಾನು ಗೆದ್ದಿದ್ದ ಐದು ಡಾಲರುಗಳಿಂದ ಎಲ್ಲರಿಗೂ ಪಾನೀಯವನ್ನು ಕೊಡಿಸಿತು. ಜಗಳದ ಹಿಂದೆ ಪ್ರಯೋಗಕರ್ತರ ಕೈವಾಡವು ಹೆಚ್ಚಾಗಿದ್ದಿತೆಂದು ಈಚೆಗೆ ಆಕ್ಷೇಪಿಸಿರುವವರುಂಟು, ಆಕ್ಷೇಪಣೆಯು ನ್ಯಾಯವಾದದ್ದೇ. ಹಿಂದಿನ ವರ್ಷ, 1953ರಲ್ಲಿ, ನ್ಯೂಯಾರ್ಕ್ ಪ್ರಾಂತದಲ್ಲಿ ನಡೆಸಿದ ಇಂತಹದೇ ಶಿಬಿರದಲ್ಲಿ ಹುಡುಗರು ಮೊದಲು ಒಟ್ಟಿಗಿದ್ದು ಸ್ನೇಹಬೆಳೆಸಿದ ಮೇಲೆ ಅವರನ್ನು ಇಬ್ಭಾಗಮಾಡಲಾಗಿತ್ತು. ಅಲ್ಲಿ ಎಷ್ಟು ಕೆಣಕಿದರೂ ಅವರು ಕಾದಾಡಲೊಪ್ಪದೆ, ತಮ್ಮನ್ನು ಕೆಣಕುತ್ತಿರುವವರು ದೊಡ್ಡವರೇ ಎಂದು ಸಂಶಯಪಟ್ಟರು. ಆ ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಸೋತ ಪ್ರಯೋಗವೇ ನಮಗೆ ಗೆದ್ದ ಪ್ರಯೋಗಕ್ಕಿಂತ ಹೆಚ್ಚು ಬೆಲೆಯುಳ್ಳದ್ದಾಗಿ ತೋರುತ್ತದೆ. ಜಾತಿಗೊಂದು ವಿದ್ಯಾರ್ಥಿನಿಲಯ, ಬೀದಿಗೊಂದು ಸಂಘವೆಂದು ಹುಡುಗರನ್ನು ಮೊದಲೇ ಬೇರ್ಪಡಿಸಿ, ಆಮೇಲೆ ಐಕ್ಯದ ಉಪನ್ಯಾಸಗಳನ್ನು ಮಾಡುವ ನಾಡಿನಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಅಧಿಕಾರಿವರ್ಗದವರು ಅವಶ್ಯವಾಗಿ ತಿಳಿದಿರಬೇಕಾದ ಎರಡನೆಯ ವೃತ್ತಾಂತ. 1939ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದ ಕೇಂಬ್ರಿಡ್ಜ್ ಮತ್ತು ಸಾಮರ್ವಿಲ್ ಎಂಬ ಪಟ್ಟಣಗಳಲ್ಲಿ ರಿಚರ್ಡ್ ಕ್ಯಾಬಟ್ ಎಂಬ ಉದಾರಿಯಾದ ವೈದ್ಯರು ದಾರಿತಪ್ಪಬಹುದಾದ ಹುಡುಗರನ್ನು ಉದ್ಧರಿಸುವ ಮಹತ್ಕಾರ್ಯವೊಂದನ್ನು ಆರಂಭಿಸಿದರು. 506 ಮಂದಿ ಬಾಲಕರನ್ನು ಜೋಡಿಜೋಡಿಯಾಗಿ ಹೊಂದಿಸಿ, ಪ್ರತಿ ಜೋಡಿಯಲ್ಲಿ ಒಬ್ಬನಿಗೆ ಸಹಾಯ, ಇನ್ನೊಬ್ಬನಿಗೆ ಏನೂ ಇಲ್ಲವೆಂದು ನಿಶ್ಚಯಿಸಲಾಯಿತು. ಸಹಾಯವೆಂದರೆ ಅಲ್ಪಸ್ವಲ್ಪವಲ್ಲ: ಮನೆಗೆ ಬಂದು ಹೋಗುವ ಸಲಹೆಗಾರರು, ಪಾಠಕ್ಕೆ ನೆರವು, ವೈದ್ಯೋಪಚಾರ, ಬೇಸಗೆಯ ಶಿಬಿರಗಳು, ಸರಾಸರಿ ಐದೂವರೆ ವರ್ಷಗಳ ಕಾಲ. ಮೂವತ್ತು ವರ್ಷಗಳ ಅನಂತರ ಜೋನ್ ಮೆಕಾರ್ಡ್ ಎಂಬ ವಿದುಷಿಯು ಆ ಹುಡುಗರನ್ನು, ಆಗ ನಡುವಯಸ್ಸಿನವರಾಗಿದ್ದವರನ್ನು, ಹುಡುಕಿ ಹುಡುಕಿ ಲೆಕ್ಕಹಾಕಿ 1978ರಲ್ಲಿ ಫಲವನ್ನು ಪ್ರಕಟಿಸಿದಳು. ಸಹಾಯ ಪಡೆದವರಲ್ಲಿ ಮೂರರಲ್ಲಿ ಎರಡುಪಾಲು ಜನ ತಮಗೆ ಒಳ್ಳೆಯದಾಯಿತೆಂದೇ ಹೇಳಿದರು. ಆದರೆ ದಾಖಲೆಗಳು ಹೇಳಿದುದು ಬೇರೆ. ಮದ್ಯದ ಚಟ, ಮನೋರೋಗ, ಮತ್ತೆ ಮತ್ತೆ ಅಪರಾಧ, ಅಕಾಲಮರಣ, ಇವುಗಳಲ್ಲಿ ಸಹಾಯ ಪಡೆದವರ ಸ್ಥಿತಿಯೇ ಸಹಾಯವಿಲ್ಲದವರಿಗಿಂತ ಕೆಟ್ಟಿತ್ತು!

ಇದು ಹೇಗಾಯಿತು? 1999ರಲ್ಲಿ ಮೆಕಾರ್ಡ್ ಹಾಗೂ ಸಂಗಡಿಗರು ಪುನಃ ಪರಿಶೀಲಿಸಿದಾಗ, ಹಾನಿಯೆಲ್ಲವೂ ಬಹುಮಟ್ಟಿಗೆ ಒಂದು ಕಡೆ ರಾಶಿಬಿದ್ದಿರುವುದು ಕಂಡಿತು: ಒಂದಕ್ಕಿಂತ ಹೆಚ್ಚು ಸಲ ಬೇಸಗೆಯ ಶಿಬಿರಗಳಿಗೆ ಹೋದವರಲ್ಲಿ. ಪುಂಡಾಟದ ಕಥೆಗಳನ್ನು ಹೇಳಲು ಒಳ್ಳೆಯ ಸಭೆಯು ಅಲ್ಲಿ ಸಿಕ್ಕಿತ್ತೆಂಬುದು ಅವರ ಊಹೆ. ಈ ಸಂಗಡಿಗರಲ್ಲಿ ಒಬ್ಬನಾದ ಡಿಷನ್ ಎಂಬಾತನು ಹುಡುಗರ ಸಂಭಾಷಣೆಗಳನ್ನು ಚಿತ್ರೀಕರಿಸಿ ನೋಡಿ, ಅಡ್ಡದಾರಿಯ ಮಾತಿಗೆ ಗೆಳೆಯನ ನಗುವೇ ಬಹುಮಾನವಾಗುವುದೆಂದೂ, ಆ ಬಹುಮಾನ ದೊರೆತಷ್ಟೂ ಮುಂದೆ ಅಡ್ಡದಾರಿಯು ದೃಢವಾಗುವುದೆಂದೂ ತೋರಿಸಿದ್ದನು. ಚೇಷ್ಟೆಗಾರರಾದ ಹತ್ತು ಮಂದಿಯನ್ನು ಒಂದೇ ಕೊಠಡಿಯಲ್ಲಿ ಕೂಡಿಸಿ ನೀತಿಬೋಧೆ ಮಾಡುವ ಉಪಾಧ್ಯಾಯರು, ಬೋಧೆ ಮುಗಿದ ಮೇಲಿನ ಅರ್ಧಗಂಟೆಯನ್ನು ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ. ನಮ್ಮ 2015ರ ಬಾಲನ್ಯಾಯ ಕಾಯಿದೆಯು ಮಗುವನ್ನು ಸಂಸ್ಥೆಯಲ್ಲಿಡುವುದು ಕಟ್ಟಕಡೆಯ ಉಪಾಯವಾಗಿರಬೇಕೆಂದು ವಿಧಿಸಿರುವುದು ಬರಿಯ ಕರುಣೆಯ ಮಾತಲ್ಲ. ಅದರ ಹಿಂದೆ ಇಷ್ಟು ಅನುಭವವಿದೆ. ಬಾಲಮಂದಿರಗಳ ಅಧೀಕ್ಷಕರು, ಪೊಲೀಸು ಅಧಿಕಾರಿಗಳು, ಜಾಗ್ರತೆಯಾಗಿ ಆ ವಾಕ್ಯದ ಮೇಲೆ ಕೆಂಪು ಗೆರೆಯನ್ನೆಳೆದಿಟ್ಟುಕೊಂಡರೆ ಉಪಕಾರವಾದೀತು.

ಗೆಳೆಯರ ಸಮ್ಮುಖವೇ ಹುಡುಗನ ಧೈರ್ಯವನ್ನು ಬದಲಿಸುತ್ತದೆಂಬುದಕ್ಕೆ ಇನ್ನೊಂದು ನಿದರ್ಶನವುಂಟು. 2005ರಲ್ಲಿ ಗಾರ್ಡ್‌ನರ್, ಸ್ಟೈನ್‌ಬರ್ಗ್ ಎಂಬಿಬ್ಬರು ಮೂರು ವಯಸ್ಸಿನ ಜನರಿಂದ ಮೋಟಾರು ಓಡಿಸುವ ಗಣಕಯಂತ್ರದ ಆಟವನ್ನು ಆಡಿಸಿದರು. ಕೆಲವರು ಒಬ್ಬೊಬ್ಬರಾಗಿ, ಕೆಲವರು ಜತೆಗಾರರ ಎದುರಿನಲ್ಲಿ. ವಯಸ್ಕರು ಎರಡು ಸಂದರ್ಭಗಳಲ್ಲಿಯೂ ಒಂದೇ ರೀತಿ ಆಡಿದರು. 13ರಿಂದ 16 ವರ್ಷದವರು ಜತೆಗಾರರಿದ್ದಾಗ ಬಹಳ ಹೆಚ್ಚಿನ ಅಪಾಯಕ್ಕೆ ತಲೆಯೊಡ್ಡಿದರು. ಒಂದೇ ಮೋಟಾರ್ ಸೈಕಲಿನ ಮೇಲೆ ಮೂವರು ಹುಡುಗರು ಹೋಗುವುದನ್ನು ಕಂಡವರಿಗೆ ಪ್ರಯೋಗಶಾಲೆಯ ಈ ವರದಿಯು ಬೇಕಾಗಿಯೂ ಇಲ್ಲ.

ಆದರೆ ನೋಡುವ ಕಣ್ಣುಗಳು ಪುಂಡಾಟಕ್ಕೆ ಮಾತ್ರ ಪ್ರೇರಿಸುವುವೆಂದು ಯಾರು ಹೇಳಿದರು? ವಿಜಾಪುರದ ಸೀಮೆಯ ಹಲಸಂಗಿಯೆಂಬ ಹಳ್ಳಿಯಲ್ಲಿ ದೊಡ್ಡ ಪದವಿಗಳಾವುವೂ ಇಲ್ಲದ ಕೆಲವರು ತರುಣರು ಒಬ್ಬರಿಗೊಬ್ಬರು ಗುರುವಾಗಿ ಬೆಳೆದರು. 1903ರಲ್ಲಿ ಹುಟ್ಟಿದ ಮಧುರಚೆನ್ನರು, ಅವರಿಗಿಂತ ಎರಡು ವರ್ಷ ಕಿರಿಯರಾದ ಸಿಂಪಿ ಲಿಂಗಣ್ಣನವರು, ಧೂಲಾಸಾಹೇಬರು, ಕಾಪಸೆ ರೇವಪ್ಪನವರು, ಇವರನ್ನು ಕನ್ನಡಿಗರು ಇಂದಿಗೂ "ಹಲಸಂಗಿಯ ಗೆಳೆಯರು" ಎಂದೇ ಕರೆಯುವರು. ಬೀಸುವ ಕಲ್ಲಿನ ಮುಂದೆ ಹೆಂಗಸರು ಹಾಡುತ್ತಿದ್ದುದನ್ನು ಬರೆದುಕೊಂಡು 1931ರಲ್ಲಿ "ಗರತಿಯ ಹಾಡು" ಎಂಬ ಸಂಗ್ರಹವನ್ನು ಹೊರಗಿಟ್ಟವರು ಇವರೇ. ಹೆಂಗಸರ ಹಾಡನ್ನು ಬರೆದುಕೊಳ್ಳುತ್ತ ತಿರುಗುವ ತರುಣನು ಒಬ್ಬನೇ ಆಗಿದ್ದರೆ ಊರವರ ನಗೆಗೆ ಅಂಜಿ ಮೂರೇ ದಿನದಲ್ಲಿ ಲೆಕ್ಕಣಿಕೆಯನ್ನು ಕೆಳಗಿಡುತ್ತಿದ್ದನು. ನಾಲ್ವರಾದುದರಿಂದ ನಗೆಯು ತಾಗಲಿಲ್ಲವೆಂದು ನಮ್ಮ ಎಣಿಕೆ. ಅದೇ ಕಾಲದಲ್ಲಿ ಧಾರವಾಡದಲ್ಲಿ ಬೇಂದ್ರೆಯವರ ಸುತ್ತ ನೆರೆದ ಸಮೂಹಕ್ಕೆ "ಗೆಳೆಯರ ಗುಂಪು" ಎಂಬುದೇ ಹೆಸರಾಗಿದ್ದಿತು. ಕಾಲೇಜಿನ ವಿದ್ಯಾರ್ಥಿಯಾಗಿ ಅಲ್ಲಿಗೆ ಬಂದ ಗೋಕಾಕರು ಏನಾದರೆಂಬುದು ನಾಡಿಗೆಲ್ಲ ತಿಳಿದಿದೆ.

ಇಷ್ಟು ಹೊತ್ತೂ ಹುಡುಗರ ಮಾತನ್ನೇ ಆಡಿದೆವು. ಹುಡುಗಿಯರ ಸ್ಥಿತಿಯು ಇನ್ನೂ ಶೋಚನೀಯವಾದುದು. ಹನ್ನೆರಡು ಹದಿಮೂರು ವರ್ಷವಾಗುತ್ತಲೇ, ಅಂದರೆ ಒಡನಾಟವು ಅತ್ಯವಶ್ಯವಾಗುವ ಹೊತ್ತಿಗೆ ಸರಿಯಾಗಿ, ಆಕೆಯ ತಿರುಗಾಟವನ್ನು ನಿಲ್ಲಿಸಲಾಗುತ್ತದೆ. ಶಾಲೆ ಬಿಡಿಸಿದರೆ ಆಕೆಗೆ ನಷ್ಟವಾಗುವುದು ಪಾಠವೊಂದೇ ಎಂದು ತಿಳಿಯಬಾರದು. ಮನಸ್ಸು ಬಿಚ್ಚಿ ಮಾತನಾಡುವ ಗೆಳತಿಯರೆಲ್ಲರೂ ಒಂದೇ ದಿನ ಇಲ್ಲವಾಗುವರು. ಬಾಲ್ಯವಿವಾಹವನ್ನು ತಡೆಯುವ 2006ರ ಕಾಯಿದೆಯು ವಯಸ್ಸನ್ನು ಕಾಯಬಲ್ಲದು, ಈ ಏಕಾಂತವನ್ನು ನೀಗಲಾರದು. 2006-07ರಲ್ಲಿ ನಮ್ಮ ರಾಜ್ಯದಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲುಗಳನ್ನು ಹಂಚುವ ಯೋಜನೆಯು ಆರಂಭವಾಯಿತು. ಬಿಹಾರದಲ್ಲಿ 2006ರಲ್ಲಿ ಹುಡುಗಿಯರಿಗೆ ಇಂತಹದೇ ಯೋಜನೆಯನ್ನು ತಂದಾಗ ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣವು ಸುಮಾರು ಮೂರನೆಯ ಒಂದರಷ್ಟು ಏರಿತೆಂದು ಅರ್ಥಶಾಸ್ತ್ರಜ್ಞರು ಲೆಕ್ಕಹಾಕಿರುವರು. ದಾರಿಯ ದೂರವು ಕಡಿಮೆಯಾದುದೇ ಇದಕ್ಕೆ ಕಾರಣವೆನ್ನುವರು. ನಾವು ಜಿಲ್ಲೆಯ ರಸ್ತೆಗಳಲ್ಲಿ ಕಂಡುದೇನೆಂದರೆ, ಐದಾರು ಹುಡುಗಿಯರು ಸಾಲಾಗಿ, ಗಟ್ಟಿಯಾಗಿ ಮಾತನಾಡುತ್ತ ಹೋಗುತ್ತಿದ್ದರು. ಎದುರಿಗೆ ಬಂದ ಎತ್ತಿನ ಗಾಡಿಯವನೇ ದಾರಿ ಬಿಡುತ್ತಿದ್ದನು. ಒಬ್ಬಳೇ ಆಗಿದ್ದರೆ ಹಾಗೆ ಹೋಗುತ್ತಿದ್ದಳೇ?

ಮೊಬೈಲಿನ ವಿಷಯವನ್ನು ಬಿಟ್ಟರೆ ವಾಚಕರು ಮೆಚ್ಚಲಾರರು. ಆಸ್ಟ್ರೇಲಿಯಾ ಸರಕಾರವು 2024ರಲ್ಲಿ ಕಾಯಿದೆ ಮಾಡಿ, 16 ವರ್ಷದೊಳಗಿನವರು ಸಾಮಾಜಿಕ ಜಾಲತಾಣಗಳಲ್ಲಿ ಖಾತೆ ಇಡುವುದನ್ನು 2025ರ ಡಿಸೆಂಬರಿನಿಂದ ತಡೆಯಿತು. ತಡೆಯುವುದು ಸುಲಭ. ಸಂಜೆಯ ಹೊತ್ತು ಕೂಡಲು ಬಯಲಿಲ್ಲದ, ಗರಡಿಯ ಮನೆಯು ಅಂಗಡಿಯ ಮಳಿಗೆಯಾದ, ವಾಚನಾಲಯಕ್ಕೆ ಬೀಗ ಬಿದ್ದ ಊರಿನಲ್ಲಿ ಹುಡುಗನು ಗೆಳೆಯರನ್ನು ಎಲ್ಲಿ ಹುಡುಕಬೇಕೆಂಬುದಕ್ಕೂ ಪೌರಸಭೆಯವರು ಉತ್ತರ ಹೇಳಬೇಕಾಗುವುದು.

ಕಡೆಯದಾಗಿ ಮುಖ್ಯೋಪಾಧ್ಯಾಯರಿಗೆ ಒಂದು ವಿಜ್ಞಾಪನೆ. ಅಮೆರಿಕದ ನ್ಯೂಜೆರ್ಸಿ ಪ್ರಾಂತದ 56 ಮಾಧ್ಯಮಿಕ ಶಾಲೆಗಳಲ್ಲಿ ಹುಡುಗರ ಜಗಳ, ಪೀಡನೆಗಳನ್ನು ತಗ್ಗಿಸಲು ನಡೆಸಿದ ಪ್ರಯತ್ನವೊಂದರ ಫಲವು 2016ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಶಾಲೆಗಳಲ್ಲಿ ಕೆಲವೇ ವಿದ್ಯಾರ್ಥಿಗಳನ್ನು ಆರಿಸಿ, ಜಗಳದ ವಿರುದ್ಧ ಏನು ಮಾಡಬೇಕೆಂಬುದನ್ನು ಅವರಿಗೇ ಬಿಡಲಾಯಿತು; ಉಪನ್ಯಾಸಗಳಿಲ್ಲ, ಶಿಕ್ಷೆಗಳಿಲ್ಲ. ಒಂದು ವರ್ಷದಲ್ಲಿ ಆ ಶಾಲೆಗಳಲ್ಲಿ ಶಿಸ್ತಿನ ದೂರುಗಳು ನೂರಕ್ಕೆ ಸುಮಾರು 30ರಷ್ಟು ಇಳಿದವು. ಆರಿಸಿದವರಲ್ಲಿ ಉಳಿದ ಹುಡುಗರು ಯಾರ ಕಡೆ ನೋಡುತ್ತಾರೆಯೋ ಅಂಥವರು ಹೆಚ್ಚಾಗಿದ್ದಲ್ಲಿ ಪರಿಣಾಮವೂ ಹೆಚ್ಚಾಗಿದ್ದಿತು. ನಮ್ಮ ಶಾಲೆಗಳಲ್ಲಿ ತರಗತಿಯ ನಾಯಕನನ್ನು ಆರಿಸುವ ಕ್ರಮವು ಎಲ್ಲರಿಗೂ ಗೊತ್ತು: ಹೆಚ್ಚು ಅಂಕ, ಶುಭ್ರವಾದ ಅಂಗಿ, ಉಪಾಧ್ಯಾಯರಿಗೆ ದೂರು ತರುವ ಉತ್ಸಾಹ. ಅಂತಹ ಹುಡುಗನ ಮಾತನ್ನು ತರಗತಿಯಲ್ಲಿ ಯಾರೂ ಕೇಳುವುದಿಲ್ಲ. ಕಡೆಯ ಬೆಂಚಿನಲ್ಲಿ ಕುಳಿತು, ಅವನು ನಕ್ಕರೆ ಎಲ್ಲರೂ ನಗುವಂತಹ ಹುಡುಗನೊಬ್ಬನಿರುವನಲ್ಲವೆ, ಅವನನ್ನು ಕರೆಯಬೇಕು.

2014ರ ಜನವರಿಯಲ್ಲಿ ಕೇಂದ್ರ ಸರಕಾರವು ಆರಂಭಿಸಿದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಸಾವಿರ ಜನಸಂಖ್ಯೆಗೆ ಇಬ್ಬರು ಹುಡುಗರು, ಇಬ್ಬರು ಹುಡುಗಿಯರಂತೆ ಸಮವಯಸ್ಕ ಶಿಕ್ಷಕರನ್ನು ಗೊತ್ತುಮಾಡುವ ಏರ್ಪಾಡು ಇದೆ. ಆಹಾರ, ಆರೋಗ್ಯ, ಮನೋವ್ಯಥೆ, ಮಾದಕ ವಸ್ತುಗಳು, ಇವುಗಳನ್ನು ಕುರಿತು ಹುಡುಗರಿಗೆ ಹುಡುಗರೇ ತಿಳಿಸಬೇಕೆಂಬುದು ಉದ್ದೇಶ. ಏರ್ಪಾಡು ಯುಕ್ತವಾದುದು, ಆಂಡ್ರೂ ಬೆಲ್ ಕಂಡ ಮರಳಿನ ಶಾಲೆಯ ವಂಶದ್ದೇ. ಆದರೆ ಈ ನಾಲ್ವರನ್ನು ಆರಿಸುವಾಗ ಪಂಚಾಯತಿಯ ಸದಸ್ಯರ ಮನೆಯ ಮಕ್ಕಳ ಹೆಸರನ್ನೇ ಪಟ್ಟಿಯಲ್ಲಿ ತುಂಬಿ ಕಳುಹಿಸುವ ರೂಢಿಯು ತಲೆಹಾಕದಂತೆ ತಾಲ್ಲೂಕಿನ ಆರೋಗ್ಯಾಧಿಕಾರಿಗಳು ನೋಡಿಕೊಳ್ಳಬೇಕು. ಆ ಊರಿನ ಹದಿನಾಲ್ಕು ವರ್ಷದವರನ್ನು ಹತ್ತು ಮಂದಿಯನ್ನು ಬೇರೆ ಬೇರೆಯಾಗಿ ಕೇಳಿದರೆ ಸಾಕು. ಅವರು ಯಾರ ಹೆಸರನ್ನು ಹೇಳಬೇಕೋ ಹೇಳುವರು.